ತಾಳಮದ್ದಳೆ ರೆಕಾರ್ಡಿಂಗ್ ಮತ್ತು ಲೈವ್: ಆಡಿಯೋ ಇಂಟರ್‌ಫೇಸಿನ ಸೆಟ್ಟಿಂಗ್ ಹೇಗಿಡಬೇಕು?

ಪೆರ್ಲ_ಹಿಮ್ಮೇಳ

ನಮಸ್ಕಾರ. ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ) ಕೂಟವನ್ನು ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಬೇಕು, ಅದೇ ಹೊತ್ತಿಗೆ ಯೂಟ್ಯೂಬ್ ಲೈವ್ ಕೂಡ ಉಂಟು. ಸಾಮಾನು ಇಷ್ಟು: ನಾಲ್ಕು ಇನ್‌ಪುಟ್ಟಿನ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್, ವಿಂಡೋಸ್ 11 ಲ್ಯಾಪ್‌ಟಾಪ್, ರೀಪರ್ (ರೆಕಾರ್ಡಿಂಗ್ ತಂತ್ರಾಂಶ), ಓಬಿಎಸ್ (ಲೈವ್ ಕಳಿಸುವ ತಂತ್ರಾಂಶ). ಭಾಗವತರಿಗೆ, ಮದ್ದಳೆಗೆ, ಚೆಂಡೆಗೆ ನಮ್ಮದೇ ಮೂರು ಮೈಕ್ ನೇರ ಇಂಟರ್‌ಫೇಸಿಗೆ. ಅರ್ಥಧಾರಿಗಳ (ಪಾತ್ರವಾಗಿ ಮಾತಾಡುವವರ) ಐದು ಮೈಕ್ ಮೈಕ್‌ಸೆಟ್ಟಿನವರ ಮಿಕ್ಸರಿಗೆ ಹೋಗಿ, ಅಲ್ಲಿಂದ ಒಂದು ವಯರು ನಾಲ್ಕನೇ ಇನ್‌ಪುಟ್ಟಿಗೆ ಬರುತ್ತದೆ. ಸಭೆಯ ಸ್ಪೀಕರಿಗೆ ಮೈಕ್‌ಸೆಟ್ಟಿನವರು ಹಿಮ್ಮೇಳಕ್ಕೂ ಬೇರೆ ಮೈಕ್ ಇಡುತ್ತಾರೆ.

ತೊಂದರೆ ಮೂರು. ನಡುನಡುವೆ ಟಪ್ ಟಪ್ ಸದ್ದು. ಲೈವ್ ಕೇಳುವವರಿಗೆ ಭಾಗವತರು ಎಡಕಿವಿಯಲ್ಲಿ ಮಾತ್ರ, ಮದ್ದಳೆ ಬಲಕಿವಿಯಲ್ಲಿ ಮಾತ್ರ. ಮಿಕ್ಸರಿನಿಂದ ಬರುವ ಅರ್ಥದ ಧ್ವನಿ ಗೇನ್ (ಒಳಬರುವ ಧ್ವನಿ ಏರಿಸುವ ಗುಂಡಿ) ಪೂರ್ತಿ ಇಳಿಸಿದರೂ ಒಡೆಯುತ್ತದೆ. ಬಫರ್ 64ಕ್ಕೆ ಇಳಿಸಿ ನೋಡಿದ್ದಾಯಿತು, ಟಪ್ ಸದ್ದು ಹೆಚ್ಚೇ ಆಯಿತು. ಯಾವುದರಿಂದ ಶುರು ಮಾಡಬೇಕು?


ಮುಳ್ಳೇರಿಯಾ_48ಕೆ

ಪೆರ್ಲದವರೇ, ಬಫರನ್ನು 512ಕ್ಕೆ ಏರಿಸಿ. ನಿಮ್ಮ ಕೆಲಸಕ್ಕೆ ಸಣ್ಣ ಬಫರಿನಿಂದ ಎಂತದೂ ಪ್ರಯೋಜನ ಇಲ್ಲ, ತೊಂದರೆ ಮಾತ್ರ.

ಬಫರ್ ಅಂದರೆ ಕಾರ್ಡು (ನಿಮ್ಮ ಇಂಟರ್‌ಫೇಸೇ) ಒಂದು ಸಲಕ್ಕೆ ಕಂಪ್ಯೂಟರಿಗೆ ಒಪ್ಪಿಸುವ ಸ್ಯಾಂಪಲ್ಲುಗಳ ಕಂತು. ಸೆಕೆಂಡಿಗೆ 48,000 ಸ್ಯಾಂಪಲ್ ದರದಲ್ಲಿ 64ರ ಕಂತು 1.3 ಮಿಲಿಸೆಕೆಂಡಿಗೊಮ್ಮೆ ಬರುತ್ತದೆ. 128 ಆದರೆ 2.7, 256 ಆದರೆ 5.3, 512 ಆದರೆ 10.7, 1024 ಆದರೆ 21.3. ಮುಂದಿನ ಕಂತು ಬರುವುದರೊಳಗೆ ಹಿಂದಿನದು ಮುಗಿಯದಿದ್ದರೆ ಆ ತುಂಡು ಹೋಯಿತು, ಮತ್ತೆ ಸಿಕ್ಕುವುದಿಲ್ಲ. ಟಪ್ ಅಂತ ಕೇಳುವುದು ಅದೇ. ಒಂದು ಕಡೆ ಓಬಿಎಸ್ ವೀಡಿಯೋ ಒತ್ತಿ ಸಣ್ಣದು ಮಾಡುತ್ತಾ ಇರುವಾಗ 1.3 ಮಿಲಿಸೆಕೆಂಡಿನ ಗಡುವು ಕೊಟ್ಟರೆ ಯಾವ ಲ್ಯಾಪ್‌ಟಾಪೂ ಎಡವುತ್ತದೆ.

ಸಣ್ಣ ಬಫರ್ ಬೇಕಾಗುವುದು ಹಾಡುವವರು ತಮ್ಮ ಸ್ವರವನ್ನು ಕಂಪ್ಯೂಟರಿನ ಒಳಗಿಂದ ಹಾಯಿಸಿ ಹೆಡ್‌ಫೋನಿನಲ್ಲಿ ಕೇಳುವಾಗ. ತಾಳಮದ್ದಳೆಯಲ್ಲಿ ಹಾಗೆ ಕೇಳುವವರು ಯಾರೂ ಇಲ್ಲ, ಸಭೆಗೆ ಧ್ವನಿ ಮಿಕ್ಸರಿನಿಂದ ನೇರ ಹೋಗುತ್ತದೆ. ರೆಕಾರ್ಡ್ ಮಾಡುವವರು ಕೇಳಿ ನೋಡಲಿಕ್ಕೆ ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಗುಂಡಿ ಸಾಕು, ಅದು ಕಂಪ್ಯೂಟರಿಗೆ ಹೋಗುವ ಮೊದಲೇ ಕೇಳಿಸುತ್ತದೆ.

ನನ್ನ ಮಟ್ಟಿಗೆ ಕ್ರಮ ಇದು: ಮೊದಲು ಸ್ಯಾಂಪಲ್ ದರ ಮತ್ತು ಕ್ಲಾಕ್ (ಸ್ಯಾಂಪಲ್ ತೆಗೆಯುವ ವೇಗ ಹೇಳುವ ಗಡಿಯಾರ), ಆಮೇಲೆ ಮಟ್ಟ, ಕೊನೆಗೆ ಬಫರ್. ಹೆಚ್ಚಿನವರು ಬಫರಿನಿಂದ ಶುರು ಮಾಡುತ್ತಾರೆ, ಯಾಕೆಂದರೆ ಪ್ಯಾನೆಲ್ ತೆರೆದಾಗ ಕಣ್ಣಿಗೆ ಬೀಳುವುದು ಅದು. ಆದರೆ ದರ ತಪ್ಪಿದರೆ, ಮಟ್ಟ ಕೆಂಪಿಗೆ ಹೋದರೆ ಇಡೀ ಕೂಟದ ರೆಕಾರ್ಡಿಂಗ್ ಹಾಳು. ಬಫರ್ ಅಗತ್ಯಕ್ಕಿಂತ ದೊಡ್ಡದಾದರೆ ಯಾರಿಗೂ ಗೊತ್ತೂ ಆಗುವುದಿಲ್ಲ.

ದರದ ಕೆಲಸ ಹೀಗೆ ಮಾಡಿ. ರೀಪರ್, ಓಬಿಎಸ್ ಎರಡನ್ನೂ ಮುಚ್ಚಿ. ಕಾರ್ಡ್ ತಯಾರಕರ ಕಂಟ್ರೋಲ್ ಪ್ಯಾನೆಲ್ ತೆರೆದು ದರ 48,000, ಕ್ಲಾಕ್ ಸೋರ್ಸ್ ಇಂಟರ್ನಲ್. ನಂತರ ವಿಂಡೋಸಿನ ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್, ಮೋರ್ ಸೌಂಡ್ ಸೆಟ್ಟಿಂಗ್ಸ್ ಒತ್ತಿದರೆ ಹಳೆಯ ಸೌಂಡ್ ಕಿಟಕಿ ಬರುತ್ತದೆ. ರೆಕಾರ್ಡಿಂಗ್ ಟ್ಯಾಬಿನಲ್ಲಿ ನಿಮ್ಮ ಕಾರ್ಡಿನ ಪ್ರಾಪರ್ಟೀಸ್, ಅಡ್ವಾನ್ಸ್ಡ್, ಅಲ್ಲಿ 24 ಬಿಟ್ 48,000 ಆರಿಸಿ. ಪ್ಲೇಬ್ಯಾಕ್ ಟ್ಯಾಬಿನಲ್ಲೂ ಅದೇ ದರ. ಎನ್‌ಹಾನ್ಸ್‌ಮೆಂಟ್ ಎಲ್ಲ ಆಫ್. ಲಿಸನ್ ಟ್ಯಾಬಿನ ಗುರುತು ತೆಗೆಯಿರಿ, ಇಲ್ಲದಿದ್ದರೆ ಪ್ರತಿಧ್ವನಿ. ಕಮ್ಯುನಿಕೇಶನ್ಸ್ ಟ್ಯಾಬಿನಲ್ಲಿ "ಡು ನಥಿಂಗ್". ಅದನ್ನು ಹಾಗೆಯೇ ಬಿಟ್ಟರೆ ಕರೆ ಬಂತೆಂದು ವಿಂಡೋಸ್ ತಾನಾಗಿ ಉಳಿದ ಧ್ವನಿಯನ್ನು 80 ಶೇಕಡಾ ತಗ್ಗಿಸುತ್ತದೆ. ಡಿಫಾಲ್ಟ್ ಪ್ಲೇಬ್ಯಾಕ್ ಸಾಧನ ಲ್ಯಾಪ್‌ಟಾಪಿನ ಸ್ಪೀಕರೇ ಆಗಿರಲಿ, ವಾಟ್ಸಾಪಿನ ಟಿಣ್ ಸದ್ದು ಲೈವಿಗೆ ಹೋಗಬಾರದಲ್ಲ.

ಇದಾದ ಮೇಲೆ ಓಬಿಎಸ್‌ನ ಸೆಟ್ಟಿಂಗ್ಸ್, ಆಡಿಯೋದಲ್ಲಿ 48 ಕಿಲೋಹರ್ಟ್ಸ್, ರೀಪರಿನ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲೂ 48,000. ನಾಲ್ಕೂ ಕಡೆ ಒಂದೇ ಅಂಕಿ. 96,000 ಇಡುವುದು ಬೇಡ. ಫೈಲು ಇಮ್ಮಡಿ, ಕೇಳುವವರಿಗೆ ಲಾಭ ಶೂನ್ಯ, ವೀಡಿಯೋದವರ ದರ ಹೇಗೂ 48,000.


ಕಪ್ಪು_ಎರಡು

ದರ ತಪ್ಪಿದರೆ ಏನಾಗುತ್ತದೆ ಎನ್ನುವುದನ್ನು ಹಿಮ್ಮೇಳದವರಿಗೆ ಅರ್ಥವಾಗುವ ಲೆಕ್ಕದಲ್ಲಿ ಹೇಳುತ್ತೇನೆ. 44,100ರಲ್ಲಿ ರೆಕಾರ್ಡ್ ಆದದ್ದನ್ನು ಪ್ರೋಗ್ರಾಮು 48,000 ಅಂತ ತಿಳಿದು ನುಡಿಸಿದರೆ ವೇಗ ಸುಮಾರು 8.8 ಶೇಕಡಾ ಹೆಚ್ಚುತ್ತದೆ. ಒಂದು ಗಂಟೆಯ ಪ್ರಸಂಗ 55 ನಿಮಿಷಕ್ಕೆ ಮುಗಿಯುತ್ತದೆ. ಶ್ರುತಿ ಹತ್ತಿರ ಹತ್ತಿರ ಒಂದೂವರೆ ಮನೆ ಮೇಲೆ ಹೋಗುತ್ತದೆ, ಹಾರ್ಮೋನಿಯಂನ ಎರಡು ಮನೆಯ ನಡುವೆ ಬಂದು ನಿಲ್ಲುತ್ತದೆ. ಹಾಗಾಗಿ ಪರೀಕ್ಷೆ ಸುಲಭ: ಶ್ರುತಿಪೆಟ್ಟಿಗೆಯನ್ನು ಅರ್ಧ ನಿಮಿಷ ರೆಕಾರ್ಡ್ ಮಾಡಿ, ಮತ್ತೆ ನುಡಿಸಿ, ಪಕ್ಕದಲ್ಲಿ ಅದೇ ಶ್ರುತಿಪೆಟ್ಟಿಗೆ ಹಚ್ಚಿ. ಎರಡೂ ಸೇರಿದರೆ ದರ ಸರಿ. ಕಿವಿಗಿಂತ ದೊಡ್ಡ ಮೀಟರ್ ಬೇಡ.

ಲೈವಿನ ಪರೀಕ್ಷೆಯೂ ಹೀಗೆಯೇ. ಪ್ರೈವೇಟ್ ಲೈವ್ ಎರಡು ನಿಮಿಷ ಬಿಟ್ಟು ಮೊಬೈಲಿನಲ್ಲಿ ಕೇಳಿ.


ಮೂರನೇ_ಪಿನ್

ಮಿಕ್ಸರಿನಿಂದ ಬರುವ ಧ್ವನಿ ಒಡೆಯುವ ವಿಷಯ. ಪೆರ್ಲದಣ್ಣ, ಆ ವಯರಿನ ಎರಡೂ ತುದಿ ಯಾವ ಜಾತಿಯವು ಅಂತ ನೋಡಿ. ಮಿಕ್ಸರಿನ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ಮೈಕ್ ಪ್ಲಗ್ಗು) ಔಟ್‌ನಿಂದ ಇಂಟರ್‌ಫೇಸಿನ ಎಕ್ಸ್‌ಎಲ್‌ಆರ್ ಇನ್‌ಗೆ ಹಾಕಿದ್ದರೆ ತಪ್ಪು ಅಲ್ಲೇ ಉಂಟು.

ಕಾಂಬೋ ಸಾಕೆಟ್ ಅಂದರೆ ಒಂದೇ ತೂತಿನಲ್ಲಿ ಎರಡು ದಾರಿ. ಎಕ್ಸ್‌ಎಲ್‌ಆರ್ ತುರುಕಿದರೆ ಅದು ಮೈಕ್ ಪ್ರಿಆಂಪಿಗೆ (ಮೈಕಿನ ಸಣ್ಣ ಸಿಗ್ನಲನ್ನು ಏರಿಸುವ ಭಾಗ) ಹೋಗುತ್ತದೆ, ನಡುವಿನ ಕಾಲಿಂಚು ಜ್ಯಾಕ್ ತುರುಕಿದರೆ ಲೈನ್ ದಾರಿಗೆ. ಮೈಕಿನಿಂದ ಬರುವುದು ಮಿಲಿವೋಲ್ಟಿನ ಲೆಕ್ಕ. ದೊಡ್ಡ ಮಿಕ್ಸರಿನ ಔಟ್ ಪ್ಲಸ್ 4 ಡಿಬಿಯು, ಅಂದರೆ ಸುಮಾರು 1.23 ವೋಲ್ಟ್, ಅರ್ಥಧಾರಿಗಳು ಏರುಧ್ವನಿಗೆ ಹೋದರೆ ಅದರ ಹಲವು ಪಟ್ಟು. ಅದನ್ನು ಮೈಕ್ ದಾರಿಗೆ ಬಿಟ್ಟರೆ ಗೇನ್ ಸೊನ್ನೆಯಲ್ಲಿದ್ದರೂ ಒಡೆಯುತ್ತದೆ. ಮಿಕ್ಸರ್ ಕಡೆ ಎಕ್ಸ್‌ಎಲ್‌ಆರ್, ಇಂಟರ್‌ಫೇಸ್ ಕಡೆ ಮೂರು ಪಟ್ಟಿಯ ಟಿಆರ್‌ಎಸ್ ಜ್ಯಾಕ್ ಇರುವ ವಯರು ಮಾಡಿಸಿ: ಒಂದನೇ ಪಿನ್ ಬುಡಕ್ಕೆ, ಎರಡನೇ ಪಿನ್ ತುದಿಗೆ, ಮೂರನೇ ಪಿನ್ ನಡುವಿನ ಉಂಗುರಕ್ಕೆ. ಇನ್‌ಪುಟ್ಟಿನ ಇನ್‌ಸ್ಟ್ರುಮೆಂಟ್ ಗುಂಡಿ ಒತ್ತಿರಬಾರದು, ಅದು ಗಿಟಾರಿಗೆ.

48 ವೋಲ್ಟ್ ಫ್ಯಾಂಟಮ್ (ಕಂಡೆನ್ಸರ್ ಮೈಕಿಗೆ ವಯರಿನಲ್ಲೇ ಹೋಗುವ ವಿದ್ಯುತ್) ಕೂಡ ನೋಡಿಕೊಳ್ಳಿ. ಎಷ್ಟೋ ಕಾರ್ಡುಗಳಲ್ಲಿ ಒಂದೇ ಗುಂಡಿ ಎರಡು ಅಥವಾ ನಾಲ್ಕು ಇನ್‌ಪುಟ್ಟಿಗೆ ಒಟ್ಟಿಗೆ ವೋಲ್ಟ್ ಕೊಡುತ್ತದೆ. ಭಾಗವತರ ಕಂಡೆನ್ಸರ್ ಮೈಕಿಗೆ ಅಂತ ಆನ್ ಮಾಡಿದರೆ ಎಕ್ಸ್‌ಎಲ್‌ಆರ್ ವಯರಿನಲ್ಲಿ ಕೂತ ಮಿಕ್ಸರಿನ ಔಟ್‌ಗೂ 48 ವೋಲ್ಟ್ ನುಗ್ಗುತ್ತದೆ. ಡೈನಮಿಕ್ ಮೈಕಿಗೆ ಬ್ಯಾಲೆನ್ಸ್ಡ್ ವಯರಿನಲ್ಲಿ ಏನೂ ಆಗುವುದಿಲ್ಲ, ಎರಡನೇ ಮತ್ತು ಮೂರನೇ ಪಿನ್ನಿನಲ್ಲಿ ಒಂದೇ ವೋಲ್ಟ್ ಇರುವುದರಿಂದ ಕಾಯಿಲಿನಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಮೂರನೇ ಪಿನ್ನನ್ನು ಒಂದಕ್ಕೆ ಸೇರಿಸಿ ಬೆಸುಗೆ ಹಾಕಿದ ಹಳೆಯ ವಯರುಗಳು ನಮ್ಮ ಕಡೆಯ ಮೈಕ್‌ಸೆಟ್ಟಿನ ಪೆಟ್ಟಿಗೆಯಲ್ಲಿ ಬೇಕಾದಷ್ಟಿವೆ. ಅಂಥ ವಯರಿಗೆ ಫ್ಯಾಂಟಮ್ ಕೊಟ್ಟರೆ ಕಾಯಿಲಿನಲ್ಲಿ ಕರೆಂಟ್ ಹರಿಯುತ್ತದೆ. ಮಲ್ಟಿಮೀಟರ್ ಇಟ್ಟು ಒಂದನೇ ಮತ್ತು ಮೂರನೇ ಪಿನ್ ನಡುವೆ ಬೀಪ್ ಬರುತ್ತದೆಯೋ ನೋಡಿ, ಬಂದರೆ ಆ ವಯರು ಬದಿಗಿಡಿ. ಫ್ಯಾಂಟಮ್ ಆನ್, ಆಫ್ ಮಾಡುವಾಗ ಗೇನೂ ಹೆಡ್‌ಫೋನ್ ಗುಂಡಿಯೂ ಕೆಳಗಿರಲಿ. ಆಫ್ ಮಾಡಿದ ಮೇಲೆ ಮೈಕ್ ಕೀಳುವ ಮೊದಲು ಅರ್ಧ ನಿಮಿಷ ಬಿಡಿ.


ಚಕ್ರತಾಳ

ಮೂರನೇ ಪಿನ್ ಅವರು ಹೇಳಿದ್ದಕ್ಕೆ ಸೇರಿಸುತ್ತೇನೆ. ಮಿಕ್ಸರಿನ ಮೇನ್ ಔಟ್ ತೆಗೆದುಕೊಳ್ಳಲೇಬೇಡಿ. ಆಕ್ಸ್ ಔಟ್ (ಬೇಕಾದ ಮೈಕ್ ಮಾತ್ರ ಬೇರೆಯಾಗಿ ಕಳಿಸುವ ದಾರಿ) ಕೇಳಿ, ಅದೂ ಪ್ರಿ-ಫೇಡರ್, ಅಂದರೆ ಫೇಡರ್ ಇಳಿಸಿದರೂ ತಗ್ಗದ್ದು. ಮೇನ್ ತೆಗೆದುಕೊಂಡರೆ ಎರಡು ನಷ್ಟ. ಒಂದು, ಸಭೆಯಲ್ಲಿ ಕೂಯ್ ಅಂತ ಹೌಲಿಂಗ್ ಬಂತೆಂದು ಮೈಕ್‌ಸೆಟ್ಟಿನವರು ಫೇಡರ್ ಇಳಿಸಿದ ಕೂಡಲೇ ನಿಮ್ಮ ರೆಕಾರ್ಡಿಂಗಿನಲ್ಲೂ ಅರ್ಥಧಾರಿ ಮಾಯ. ಎರಡು, ಮೇನ್‌ನಲ್ಲಿ ಅವರ ಹಿಮ್ಮೇಳದ ಮೈಕುಗಳೂ ಇರುತ್ತವೆ. ಒಂದೇ ಮದ್ದಳೆ ನಿಮ್ಮ ಮೈಕಿನಿಂದಲೂ ಅವರ ಮೈಕಿನಿಂದಲೂ ಸ್ವಲ್ಪ ಹೊತ್ತಿನ ವ್ಯತ್ಯಾಸದಲ್ಲಿ ಬಂದು ಸೇರಿದರೆ ಕೆಲವು ಸ್ವರ ಒಂದಕ್ಕೊಂದು ಕಡಿದುಕೊಂಡು ಮದ್ದಳೆಯ ಗುಂಕಿ ಟೊಳ್ಳಾಗುತ್ತದೆ. ಆಕ್ಸ್‌ನಲ್ಲಿ ಐದು ಅರ್ಥದ ಮೈಕ್ ಮಾತ್ರ ತೆರೆದು ಹಿಮ್ಮೇಳದ ಆಕ್ಸ್ ಗುಂಡಿ ಸೊನ್ನೆ ಮಾಡಿಸಿ.

ಇನ್ನೊಂದು ಕಡೆ ಜನ ತಪ್ಪುತ್ತಾರೆ. ಆಕ್ಸ್ ಖಾಲಿ ಇಲ್ಲ ಅಂತ ಮಿಕ್ಸರಿನ ಹೆಡ್‌ಫೋನ್ ತೂತಿನಿಂದ ಟಿಆರ್‌ಎಸ್ ವಯರು ಎಳೆದು ಇಂಟರ್‌ಫೇಸಿನ ಒಂದು ಇನ್‌ಪುಟ್ಟಿಗೆ ತುರುಕುವುದು. ಹೆಡ್‌ಫೋನಿನಲ್ಲಿ ತುದಿ ಎಡ, ಉಂಗುರ ಬಲ. ಇಂಟರ್‌ಫೇಸಿನ ಬ್ಯಾಲೆನ್ಸ್ಡ್ ಇನ್‌ಪುಟ್ ತುದಿಯಿಂದ ಉಂಗುರವನ್ನು ಕಳೆಯುತ್ತದೆ. ಎಡ ಬಲ ಎರಡರಲ್ಲೂ ಸಮವಾಗಿ ಇರುವ ಮಾತು ಕಳೆದು ಸೊನ್ನೆಯಾಗಿ ಎಕೋ ಮಾತ್ರ ಉಳಿಯುತ್ತದೆ. ಮಾತು ಬಾವಿಯ ಒಳಗಿಂದ ಬಂದ ಹಾಗೆ ಕೇಳಿದರೆ ವಯರು ನೋಡಿ, ಸೆಟ್ಟಿಂಗ್ ಮುಟ್ಟಬೇಡಿ. ಒಂದು ಟಿಆರ್‌ಎಸ್ ಎರಡಾಗಿ ಕವಲೊಡೆಯುವ ವೈ ವಯರು ಹಾಕಿ ಒಂದು ಕವಲು ಮಾತ್ರ ಬಳಸಿದರೆ ಮುಗಿಯಿತು.

ಮಟ್ಟ ಇಡುವ ಕ್ರಮ: ಚೆಂಡೆಯವರಲ್ಲಿ ಯುದ್ಧದ ಪದ್ಯಕ್ಕೆ ಬಾರಿಸುವಷ್ಟೇ ಜೋರಾಗಿ ಬಾರಿಸಲು ಹೇಳಿ. "ಹಲೋ ಹಲೋ ಚೆಕ್" ಅನ್ನುವ ಹಾಗೆ ನಾಲ್ಕು ಮೆಲ್ಲನೆಯ ಪೆಟ್ಟು ಸಾಲದು. ಅತಿ ಜೋರಿನ ಪೆಟ್ಟಿಗೆ ರೀಪರಿನ ಮೀಟರ್ ಮೈನಸ್ 12ರ ಹತ್ತಿರ ನಿಲ್ಲಬೇಕು. ಭಾಗವತರಿಗೆ ಏರುಪದ್ಯ ಹಾಡಿಸಿ ಅಲ್ಲೇ ನಿಲ್ಲಿಸಿ. 24 ಬಿಟ್‌ನಲ್ಲಿ ಒಂದು ಬಿಟ್‌ಗೆ ಸುಮಾರು 6 ಡಿಬಿ, ಲೆಕ್ಕದಲ್ಲಿ 144 ಡಿಬಿ ಜಾಗ. ಮೇಲಿನ 12 ಡಿಬಿ ಖಾಲಿ ಬಿಟ್ಟರೆ ಗುಣಮಟ್ಟ ಒಂದಿಷ್ಟೂ ಕುಂದುವುದಿಲ್ಲ, ಆಮೇಲೆ ಏರಿಸಿಕೊಳ್ಳಬಹುದು. ಸೊನ್ನೆ ದಾಟಿ ಚಪ್ಪಟೆಯಾದ ಪೆಟ್ಟನ್ನು ಯಾವ ಪ್ಲಗಿನ್ ಕೂಡ ಮೊದಲಿನ ಹಾಗೆ ಮಾಡಿಕೊಡಲಾರದು. ರೀಪರಿನಲ್ಲಿ ಲಿಮಿಟರ್ ಹಾಕಿದ್ದೇನೆ ಅಂತ ಧೈರ್ಯ ಬೇಡ, ಅದು ಕೆಲಸ ಮಾಡುವುದು ಕಾರ್ಡು ಧ್ವನಿಯನ್ನು ಅಂಕಿ ಮಾಡಿದ ನಂತರ. ಚೆಂಡೆಗೆ ಗೇನ್ ಸೊನ್ನೆಯಲ್ಲೂ ಕೆಂಪು ಬಂದರೆ ಒಳಬರುವ ಮಟ್ಟ ತಗ್ಗಿಸುವ ಪ್ಯಾಡ್ ಗುಂಡಿ ಒತ್ತಿ; ಪ್ಯಾಡ್ ಇಲ್ಲದಿದ್ದರೆ ಡೈನಮಿಕ್ ಮೈಕನ್ನೇ ಬಳಸಿ ಒಂದು ಮೊಳ ಹಿಂದೆ ಸರಿಸಿ.


ಗಡಿನಾಡ_ಮಾಷ್ಟ್ರು

ಶಾಲೆಯ ಯಕ್ಷಗಾನ ತಂಡದ ರೆಕಾರ್ಡಿಂಗಿಗೆ ಶಾಲೆಯ ಲ್ಯಾಪ್‌ಟಾಪ್ ಬಳಸುವವರು ಇಲ್ಲಿ ಇರಬಹುದು. ಅದರಲ್ಲಿರುವುದು ಕೈಟ್‌ನ (ಕೇರಳದ ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಸರಕಾರಿ ಸಂಸ್ಥೆ) ಗ್ನು/ಲಿನಕ್ಸ್. ಏಸಿಯೋ (ರೆಕಾರ್ಡಿಂಗ್ ತಂತ್ರಾಂಶವನ್ನು ಕಾರ್ಡಿಗೆ ನೇರ ಜೋಡಿಸುವ) ಡ್ರೈವರ್ ಹುಡುಕುತ್ತಾ ಹೋಗಬೇಡಿ, ಅದು ವಿಂಡೋಸಿನದು. ಯುಎಸ್‌ಬಿ ಆಡಿಯೋ ಕ್ಲಾಸ್ ನಿಯಮಕ್ಕೆ ಒಪ್ಪುವ ಕಾರ್ಡಾದರೆ ಡ್ರೈವರ್ ಇಲ್ಲದೆಯೇ ಲಿನಕ್ಸ್ ಗುರುತಿಸುತ್ತದೆ. ಕಾರ್ಡ್ ಕೊಳ್ಳುವ ಮೊದಲು ಪೆಟ್ಟಿಗೆಯ ಮೇಲೆ "ಕ್ಲಾಸ್ ಕಂಪ್ಲಯಂಟ್" ಅಂತ ಇದೆಯೋ ನೋಡಿ.

ಉಬುಂಟು 22.04ರ ತಳಹದಿಯ ಆವೃತ್ತಿಯಲ್ಲಿ ಧ್ವನಿ ನೋಡಿಕೊಳ್ಳುವುದು ಪಲ್ಸ್‌ಆಡಿಯೋ. ಅದರ ಮೂಲ ದರ 44,100, 16 ಬಿಟ್. ಅದರ ಮೂಲಕ ಹೋದರೆ ನಾಲ್ಕು ಇನ್‌ಪುಟ್ಟಿನ ಕಾರ್ಡು "ಸರೌಂಡ್ 4.0" ಅಂತ ಕಾಣಿಸಿಕೊಂಡು ಗೊಂದಲ ಮಾಡುತ್ತದೆ. ಆಡಾಸಿಟಿ ಎಂಬ ರೆಕಾರ್ಡಿಂಗ್ ತಂತ್ರಾಂಶದಲ್ಲಿ ಆಡಿಯೋ ಹೋಸ್ಟ್ ಅಲ್ಸಾ (ಲಿನಕ್ಸಿನಲ್ಲಿ ಕಾರ್ಡಿಗೆ ನೇರ ದಾರಿ) ಇಟ್ಟು, ಸಾಧನಗಳ ಪಟ್ಟಿಯಲ್ಲಿ ಕಾರ್ಡಿನ ಹೆಸರಿರುವ ಹಾರ್ಡ್‌ವೇರ್ ಸಾಲನ್ನೇ ನೇರ ಆರಿಸಿ, ಚಾನೆಲ್ 4, ಪ್ರಾಜೆಕ್ಟ್ ದರ 48,000 ಮಾಡಿ. 22.10ರಿಂದ ಉಬುಂಟುವಿನಲ್ಲಿ ಪೈಪ್‌ವೈರ್ ಬಂದಿದೆ. ಅಲ್ಲಿ ಮೂಲ ದರವೇ 48,000, ಕಂತು 1024. ವಾಲ್ಯೂಮ್ ಕಂಟ್ರೋಲಿನ ಕಾನ್ಫಿಗರೇಶನ್ ಟ್ಯಾಬಿನಲ್ಲಿ ಕಾರ್ಡಿನ ಪ್ರೊಫೈಲ್ "ಪ್ರೋ ಆಡಿಯೋ" ಮಾಡಿದರೆ ಪ್ರತಿ ಇನ್‌ಪುಟ್ ಬೇರೆ ಬೇರೆಯಾಗಿ ಸಿಗುತ್ತದೆ.


ಪೆರ್ಲ_ಹಿಮ್ಮೇಳ

ಎಲ್ಲರಿಗೂ ಉಪಕಾರ. ಮಿಕ್ಸರಿನ ವಯರು ಎರಡೂ ಕಡೆ ಎಕ್ಸ್‌ಎಲ್‌ಆರ್ ಹೌದು, ಫ್ಯಾಂಟಮ್ ಗುಂಡಿ ನಾಲ್ಕಕ್ಕೂ ಒಂದೇ. ಬದಲಾಯಿಸುತ್ತೇವೆ. ಎಡಕಿವಿ-ಬಲಕಿವಿಯ ವಿಷಯ ಬಾಕಿ ಉಂಟು. ಬಫರ್ 512ರಲ್ಲೂ ಒಮ್ಮೊಮ್ಮೆ ಟಪ್ ಸದ್ದು ಬರುತ್ತದೆ.


ಮುಳ್ಳೇರಿಯಾ_48ಕೆ

ಕಿವಿಯ ವಿಷಯ: ಓಬಿಎಸ್ ನಿಮ್ಮ ಕಾರ್ಡಿನ ಒಂದನೇ ಇನ್‌ಪುಟ್ಟನ್ನು ಎಡ, ಎರಡನೆಯದನ್ನು ಬಲ ಅಂತ ಜೋಡಿ ಮಾಡಿ ತೆಗೆದುಕೊಳ್ಳುತ್ತದೆ. ಅಡ್ವಾನ್ಸ್ಡ್ ಆಡಿಯೋ ಪ್ರಾಪರ್ಟೀಸ್‌ನಲ್ಲಿ ಆ ಸಾಲಿನ ಮೋನೋ ಗುರುತು ಹಾಕಿದರೆ ಇಬ್ಬರೂ ಎರಡೂ ಕಿವಿಗೆ ಬರುತ್ತಾರೆ. ಇದು ಸುಲಭದ ದಾರಿ, ಆದರೆ ಭಾಗವತರನ್ನೂ ಮದ್ದಳೆಯನ್ನೂ ಬೇರೆ ಬೇರೆ ಹೆಚ್ಚು ಕಡಿಮೆ ಮಾಡಲಿಕ್ಕೆ ಓಬಿಎಸ್‌ನಲ್ಲಿ ಆಗುವುದಿಲ್ಲ.

ಕಾರ್ಡಿನಲ್ಲಿ ಲೂಪ್‌ಬ್ಯಾಕ್ (ಕಂಪ್ಯೂಟರಿನಿಂದ ಹೊರಟ ಧ್ವನಿಯನ್ನು ಮತ್ತೆ ಇನ್‌ಪುಟ್ಟಾಗಿ ಕೊಡುವ ದಾರಿ) ಇದ್ದರೆ ಅದನ್ನೇ ಬಳಸಿ. ರೀಪರ್ ಏಸಿಯೋ ಮೂಲಕ ನಾಲ್ಕು ಇನ್‌ಪುಟ್ಟನ್ನೂ ಬೇರೆ ಬೇರೆ ಟ್ರ್ಯಾಕಿಗೆ ಹಸಿಯಾಗಿ ಬರೆದುಕೊಳ್ಳಲಿ, ಅದರ ಮಾಸ್ಟರ್ ಮಿಕ್ಸ್ ಲೂಪ್‌ಬ್ಯಾಕ್ ಚಾನೆಲಿಗೆ ಹೋಗಲಿ, ಓಬಿಎಸ್ ಲೂಪ್‌ಬ್ಯಾಕ್ ಒಂದನ್ನೇ ತೆಗೆದುಕೊಳ್ಳಲಿ. ಓಬಿಎಸ್‌ನ ಡೆಸ್ಕ್‌ಟಾಪ್ ಆಡಿಯೋ ಡಿಸೇಬಲ್, ಮಾನಿಟರಿಂಗ್ ಆಫ್. ಇವೆರಡರಲ್ಲಿ ಒಂದು ಆನ್ ಇದ್ದರೂ ಧ್ವನಿ ತಿರುಗಿ ತನ್ನೊಳಗೇ ಬಂದು ಇಮ್ಮಡಿಯಾಗುತ್ತದೆ. ರೀಪರ್ ಚಾಲೂ ಇರುವಾಗ ಓಬಿಎಸ್‌ಗೆ ಕಾರ್ಡು ಸಿಗದಿದ್ದರೆ ಎರಡರ ದರ ಬೇರೆ ಬೇರೆ ಇದೆಯೋ ನೋಡಿ. ದರ ಒಂದೇ ಇದ್ದೂ ಸಿಗದಿದ್ದರೆ ಆ ಡ್ರೈವರ್ ಏಸಿಯೋವನ್ನೂ ವಿಂಡೋಸಿನ ಧ್ವನಿಯನ್ನೂ ಒಟ್ಟಿಗೆ ಬಿಡುವ ಜಾತಿಯಲ್ಲ.

ತುಟಿ ಮತ್ತು ಮಾತು ಹೊಂದದಿದ್ದರೆ ಅದು ಬಫರಿನ ತಪ್ಪಲ್ಲ. ಕ್ಯಾಮೆರಾ, ಕ್ಯಾಪ್ಚರ್ ಕಾರ್ಡ್ ಹಾದು ಬರುವ ಚಿತ್ರ ಧ್ವನಿಗಿಂತ ತಡ. ಕ್ಯಾಮೆರಾದ ಮುಂದೆ ಒಮ್ಮೆ ಚಪ್ಪಾಳೆ ತಟ್ಟಿ ಓಬಿಎಸ್‌ನಲ್ಲೇ ರೆಕಾರ್ಡ್ ಮಾಡಿ, ಕೈ ಕೂಡಿದ ಚಿತ್ರಕ್ಕೂ ಸದ್ದಿಗೂ ಎಷ್ಟು ಫ್ರೇಮ್ ಅಂತರ ಅಂತ ಎಣಿಸಿ. ಸೆಕೆಂಡಿಗೆ 25 ಫ್ರೇಮ್ ಆದರೆ ಒಂದು ಫ್ರೇಮ್ 40 ಮಿಲಿಸೆಕೆಂಡ್. ಮೂರು ಫ್ರೇಮ್ ಅಂತರ ಇದ್ದರೆ ಸಿಂಕ್ ಆಫ್‌ಸೆಟ್‌ನಲ್ಲಿ 120 ಹಾಕಿ.

512ರಲ್ಲೂ ಟಪ್ ಬರುವುದಕ್ಕೆ ಇನ್ನು ಕಾರಣ ಯುಎಸ್‌ಬಿ ಅಥವಾ ಬೇರೆ ಡ್ರೈವರ್. ಯುಎಸ್‌ಬಿ ಹಬ್ ತೆಗೆದು ಲ್ಯಾಪ್‌ಟಾಪಿಗೇ ನೇರ ಹಾಕಿ. ಪವರ್ ಆಪ್ಶನ್ಸ್‌ನ ಅಡ್ವಾನ್ಸ್ಡ್ ಪಟ್ಟಿಯಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಡಿಸೇಬಲ್ ಮಾಡಿ. ಡಿವೈಸ್ ಮ್ಯಾನೇಜರಿನಲ್ಲಿ ಪ್ರತಿ ಯುಎಸ್‌ಬಿ ರೂಟ್ ಹಬ್ಬಿನ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬಿಗೆ ಹೋಗಿ "ವಿದ್ಯುತ್ ಉಳಿಸಲು ಈ ಸಾಧನ ಆಫ್ ಮಾಡಬಹುದು" ಎಂಬರ್ಥದ ಗುರುತು ತೆಗೆಯಿರಿ. ಆಮೇಲೆ ಲೇಟೆನ್ಸಿಮಾನ್ ಎಂಬ ಉಚಿತ ತಂತ್ರಾಂಶವನ್ನು ಕಾಲು ಗಂಟೆ ಓಡಿಸಿ, ಯಾವ ಡ್ರೈವರ್ ಹೆಚ್ಚು ಹೊತ್ತು ಪ್ರೊಸೆಸರನ್ನು ಹಿಡಿದಿಟ್ಟುಕೊಳ್ಳುತ್ತದೆ ಅಂತ ಹೆಸರು ಸಮೇತ ತೋರಿಸುತ್ತದೆ. ಆಗಾಗ ಸಿಕ್ಕಿಬೀಳುವುದು ವೈಫೈ ಡ್ರೈವರ್. ಲೈವಿಗೆ ನೆಟ್ ಬೇಕಲ್ಲ, ಹಾಗಾಗಿ ವೈಫೈ ಬಿಟ್ಟು ಲ್ಯಾನ್ ವಯರು ಎಳೆಯಿರಿ.


ಬದಿಯಡ್ಕ_8ಚಾನೆಲ್

ನಮ್ಮಲ್ಲಿ ಎಂಟು ಮೈಕಿನ ಇಂಟರ್‌ಫೇಸ್ ಉಂಟು, ಹಿಂದೆ ಎಡಾಟ್ (ಒಂದೇ ಬೆಳಕಿನ ವಯರಿನಲ್ಲಿ ಎಂಟು ಚಾನೆಲ್ ತರುವ ದಾರಿ) ಆಪ್ಟಿಕಲ್ ಇನ್ ಉಂಟು. ಇನ್ನೊಂದು ಎಂಟು ಚಾನೆಲಿನ ಎಡಾಟ್ ಪ್ರಿಆಂಪ್ ಜೋಡಿಸಿ ಹದಿನಾರು ಮಾಡಿದ್ದೇವೆ. ಒಂಬತ್ತರಿಂದ ಹದಿನಾರರವರೆಗೆ ಸೆಕೆಂಡಿಗೊಂದರಂತೆ ಟಿಕ್ ಟಿಕ್. ಬಫರ್ 2048 ಮಾಡಿದರೂ ಹೋಗುವುದಿಲ್ಲ.


ಮುಳ್ಳೇರಿಯಾ_48ಕೆ

ಬಫರ್ ಎಷ್ಟು ಮಾಡಿದರೂ ಹೋಗದು, ಇದು ಕ್ಲಾಕ್. ನಿಮ್ಮಲ್ಲಿ ಈಗ ಎರಡು ಗಡಿಯಾರ ಓಡುತ್ತಾ ಇವೆ. ಇಂಟರ್‌ಫೇಸೂ 48,000, ಪ್ರಿಆಂಪೂ 48,000, ಆದರೆ ಎರಡು ಹರಳು ಯಾವತ್ತೂ ಕರಾರುವಾಕ್ಕಾಗಿ ಒಂದೇ ವೇಗದಲ್ಲಿ ಓಡುವುದಿಲ್ಲ. ಹತ್ತು ಲಕ್ಷದಲ್ಲಿ 20ರಷ್ಟು ವ್ಯತ್ಯಾಸ ಅಂದರೂ 48,000ದಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಸ್ಯಾಂಪಲ್ ಜಾರುತ್ತದೆ. ಜಾರಿದಾಗೆಲ್ಲ ಒಂದು ಟಿಕ್. ಸದ್ದು ತಾಳ ಹಾಕಿದ ಹಾಗೆ ಸಮ ಅಂತರದಲ್ಲಿ ಬಂದರೆ ಕ್ಲಾಕ್, ಹೇಗೆಂದರೆ ಹಾಗೆ ಬಂದರೆ ಬಫರ್ ಅಥವಾ ಡ್ರೈವರ್. ಈ ಒಂದು ವ್ಯತ್ಯಾಸ ಹಿಡಿದರೆ ಅರ್ಧ ಕೆಲಸ ಮುಗಿದ ಹಾಗೆ.

ಒಂದು ವ್ಯವಸ್ಥೆಯಲ್ಲಿ ಮಾಸ್ಟರ್ ಒಂದೇ ಇರಬೇಕು. ನಿಮ್ಮಲ್ಲಿ ಆಪ್ಟಿಕಲ್ ವಯರು ಒಂದೇ ಇದ್ದು ಪ್ರಿಆಂಪಿನ ಔಟ್‌ನಿಂದ ಇಂಟರ್‌ಫೇಸಿನ ಇನ್‌ಗೆ ಬರುತ್ತಿದ್ದರೆ ಪ್ರಿಆಂಪೇ ಮಾಸ್ಟರ್ ಆಗಬೇಕು: ಪ್ರಿಆಂಪಿನ ಸಿಂಕ್ ಗುಂಡಿ ಇಂಟರ್ನಲ್ 48ಕ್ಕೆ, ಇಂಟರ್‌ಫೇಸಿನ ಪ್ಯಾನೆಲಿನಲ್ಲಿ ಕ್ಲಾಕ್ ಸೋರ್ಸ್ ಎಡಾಟ್. "ಲಾಕ್ಡ್" ಅಂತ ಬರಬೇಕು. ಇಂಟರ್‌ಫೇಸನ್ನೇ ಮಾಸ್ಟರ್ ಮಾಡುವುದಾದರೆ ಇನ್ನೊಂದು ಆಪ್ಟಿಕಲ್ ವಯರು ಇಂಟರ್‌ಫೇಸಿನ ಔಟ್‌ನಿಂದ ಪ್ರಿಆಂಪಿನ ಎಡಾಟ್ ಇನ್‌ಗೆ ಹೋಗಬೇಕು, ಪ್ರಿಆಂಪಿನ ಸಿಂಕ್ ಎಡಾಟ್‌ಗೆ. ನಾನು ಎರಡನೆಯದನ್ನೇ ಹೇಳುವುದು. ಪ್ರಿಆಂಪಿನ ಪ್ಲಗ್ಗು ಯಾರೋ ಎಡವಿ ಕಿತ್ತರೆ ಮೊದಲ ಕ್ರಮದಲ್ಲಿ ಕ್ಲಾಕೇ ಹೋಗಿ ಹದಿನಾರೂ ಟ್ರ್ಯಾಕ್ ಕೆಡುತ್ತದೆ, ಎರಡನೆಯದರಲ್ಲಿ ಎಂಟಾದರೂ ಉಳಿಯುತ್ತದೆ.

ಎಡಾಟ್ ವಯರಿನಲ್ಲಿ ಎಂಟು ಚಾನೆಲ್ 48,000ದವರೆಗೆ ಮಾತ್ರ, 96,000ಕ್ಕೆ ಏರಿಸಿದರೆ ನಾಲ್ಕೇ. ಆಪ್ಟಿಕಲ್ ತೂತನ್ನು ಎಡಾಟ್ ಅಥವಾ ಎಸ್‌ಪಿಡಿಫ್ (ಎರಡು ಚಾನೆಲಿನ ಡಿಜಿಟಲ್ ದಾರಿ) ಮಾಡುವ ಆಯ್ಕೆ ಕೆಲವು ಪ್ಯಾನೆಲಿನಲ್ಲಿ ಇರುತ್ತದೆ. ಎಸ್‌ಪಿಡಿಫ್‌ನಲ್ಲಿದ್ದರೆ ಲಾಕ್ ಆಗದು. ಹೊಸ ವಯರಿನ ತುದಿಯ ಸಣ್ಣ ಪ್ಲಾಸ್ಟಿಕ್ ಟೊಪ್ಪಿ ತೆಗೆಯಿರಿ, ಇನ್ನೊಂದು ತುದಿಯಲ್ಲಿ ಕೆಂಪು ಬೆಳಕು ಕಾಣಬೇಕು. ಉದ್ದ ಐದು ಮೀಟರಿನ ಒಳಗಿರಲಿ, ಚಾಪೆಯ ಅಡಿಯಲ್ಲಿ ಮಡಚಿ ಹಾಕಬೇಡಿ.

ತಾಮ್ರದ ಎಸ್‌ಪಿಡಿಫ್ ಬಳಸುವವರಿಗೆ: ಅದಕ್ಕೆ 75 ಓಮ್ ವಯರು ಬೇಕು, ಟೇಪ್ ರೆಕಾರ್ಡರಿನ ಕೆಂಪು-ಬಿಳಿ ವಯರು ಅಲ್ಲ. ಕೇಬಲ್ ಟಿವಿಯವರ ಆರ್‌ಜಿ-6 ಅಥವಾ ಆರ್‌ಜಿ-59 ಕೊಯಾಕ್ಸ್ 75 ಓಮೇ. ಆರ್‌ಸಿಎ ತುದಿ ಹಾಕಿಸಿದರೆ ಚೆನ್ನಾಗಿ ನಡೆಯುತ್ತದೆ.


ಬದಿಯಡ್ಕ_8ಚಾನೆಲ್

ಪ್ರಿಆಂಪ್ ಬೇಡ, ಎರಡು ಯುಎಸ್‌ಬಿ ಇಂಟರ್‌ಫೇಸ್ ಒಂದೇ ಲ್ಯಾಪ್‌ಟಾಪಿಗೆ ಹಾಕಿದರೆ?


ಮುಳ್ಳೇರಿಯಾ_48ಕೆ

ಏಸಿಯೋದಲ್ಲಿ ಪ್ರೋಗ್ರಾಮು ಒಂದು ಸಲಕ್ಕೆ ಒಂದೇ ಡ್ರೈವರ್ ಹಿಡಿಯುತ್ತದೆ. ಏಸಿಯೋ4ಆಲ್ ಹಾಕಿ ಎರಡನ್ನೂ ಕಟ್ಟಬಹುದು, ಆದರೆ ಗಡಿಯಾರ ಎರಡೇ ಉಳಿಯುತ್ತದೆ, ಅದೇ ಟಿಕ್ ಮತ್ತೆ. ಮ್ಯಾಕ್‌ನಲ್ಲಿ ಆಡಿಯೋ ಮಿಡಿ ಸೆಟಪ್‌ಗೆ ಹೋಗಿ ಅಗ್ರಿಗೇಟ್ ಡಿವೈಸ್ ಮಾಡಿ ಎರಡನೆಯದಕ್ಕೆ ಡ್ರಿಫ್ಟ್ ಕರೆಕ್ಷನ್ ಗುರುತು ಹಾಕಿದರೆ ನಡೆಯುತ್ತದೆ. ಎರಡಕ್ಕೂ ಎಸ್‌ಪಿಡಿಫ್ ಇದ್ದರೆ ಒಂದರ ಔಟ್ ಇನ್ನೊಂದರ ಇನ್‌ಗೆ ಹಾಕಿ ಕ್ಲಾಕ್ ಒಂದು ಮಾಡಬಹುದು.


ಮೂರನೇ_ಪಿನ್

ಒಂದು ವಿಷಯ ಯಾರೂ ಹೇಳಲಿಲ್ಲ, ಹಮ್. ಗುಂಯ್ ಅನ್ನುವ 50 ಹರ್ಟ್ಸ್ ಸದ್ದು. ಇದಕ್ಕೆ ಯಾವ ಸೆಟ್ಟಿಂಗೂ ಇಲ್ಲ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಹಮ್ ನಿಂತರೆ ಅದು ಗ್ರೌಂಡ್ ಲೂಪ್: ಮಿಕ್ಸರ್ ಒಂದು ಬೋರ್ಡಿನಿಂದ, ಲ್ಯಾಪ್‌ಟಾಪ್ ಇನ್ನೊಂದು ಕಡೆಯಿಂದ ಅರ್ಥ್ ಹಿಡಿದು, ನಡುವಿನ ಆಡಿಯೋ ವಯರಿನ ಹೊದಿಕೆಯಲ್ಲಿ ಕರೆಂಟ್ ಹರಿಯುತ್ತಿದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿ ಹಾಕಿ. ಆಗಲೂ ಹೋಗದಿದ್ದರೆ ಮಿಕ್ಸರಿನ ವಯರಿನ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಐಸೊಲೇಟರ್ ಹಾಕಿ.

ಪ್ಲಗ್ಗಿನ ದಪ್ಪ ಪಿನ್ ಮುರಿಯುವುದು, ಅರ್ಥ್ ವಯರು ಕತ್ತರಿಸುವುದು ಖಂಡಿತ ಬೇಡ. ಮಳೆಗೆ ನೆಂದ ಅಂಗಳ, ಜನರೇಟರಿನ ಕರೆಂಟು, ಕೈಯಲ್ಲಿ ಲೋಹದ ಮೈಕ್ ಹಿಡಿದ ಕಲಾವಿದ. ಹಮ್ ಹೋಗಿಸಲಿಕ್ಕೆ ಜೀವ ಒತ್ತೆ ಇಡುವ ಕೆಲಸ ಯಾರೂ ಮಾಡಬೇಡಿ.


ಚಕ್ರತಾಳ

ರಾತ್ರಿಯಿಡೀ ಆಟ ರೆಕಾರ್ಡ್ ಮಾಡುವವರು ಫೈಲಿನ ಗಾತ್ರ ಲೆಕ್ಕ ಹಾಕಿಕೊಳ್ಳಿ. 24 ಬಿಟ್ 48,000ದಲ್ಲಿ ಒಂದು ಮೋನೋ ಟ್ರ್ಯಾಕಿಗೆ ಗಂಟೆಗೆ ಸುಮಾರು 518 ಎಂಬಿ. ನಾಲ್ಕು ಟ್ರ್ಯಾಕ್ ಎಂಟು ಗಂಟೆ ಅಂದರೆ ಹದಿನೇಳು ಜಿಬಿಯ ಹತ್ತಿರ. ಜಾಗ ಇದ್ದರೆ ಸಾಲದು. ಮಾಮೂಲಿ ವೇವ್ ಫೈಲಿಗೆ 4 ಜಿಬಿ ಮಿತಿ ಉಂಟು. ಸ್ಟೀರಿಯೋ ಫೈಲು 4 ಗಂಟೆ 8 ನಿಮಿಷಕ್ಕೆ ಆ ಮಿತಿ ಮುಟ್ಟುತ್ತದೆ, ಸರಿ ನಡುರಾತ್ರಿ ದಾಟಿದ ಹೊತ್ತಿಗೆ. ರೀಪರಿನ ರೆಕಾರ್ಡಿಂಗ್ ಸೆಟ್ಟಿಂಗಿನಲ್ಲಿ ದೊಡ್ಡ ಫೈಲಿಗೆ ಆರ್‌ಎಫ್64 (ಈ ಮಿತಿ ಇಲ್ಲದ ವೇವ್) ತಾನಾಗಿ ಆಗುವ ಆಯ್ಕೆ ಇಡಿ. ಪೆನ್‌ಡ್ರೈವ್ ಫ್ಯಾಟ್32 ಆಗಿದ್ದರೆ ಅದರಲ್ಲೂ ಅದೇ 4 ಜಿಬಿ ಮಿತಿ, ಎಕ್ಸ್‌ಫ್ಯಾಟ್ ಮಾಡಿಕೊಳ್ಳಿ. ಪ್ರಸಂಗದ ನಡುವೆ ಚೌಕಿಯಲ್ಲಿ ಬಿಡುವಿದ್ದಾಗ ಒಮ್ಮೆ ನಿಲ್ಲಿಸಿ ಹೊಸ ಫೈಲು ಶುರು ಮಾಡುವುದೂ ಒಳ್ಳೆಯದೇ.


ಪೆರ್ಲ_ಹಿಮ್ಮೇಳ

ಕೊನೆಯ ಪ್ರಶ್ನೆ. ಕ್ಯಾಮೆರಾದಲ್ಲೂ ಪ್ರತ್ಯೇಕ ವೀಡಿಯೋ ರೆಕಾರ್ಡ್ ಆಗುತ್ತದೆ. ಆಮೇಲೆ ರೀಪರಿನ ಧ್ವನಿ ಜೋಡಿಸಿದಾಗ ಶುರುವಿನಲ್ಲಿ ಸರಿ ಇದ್ದದ್ದು ಮಂಗಳ ಪದ್ಯದ ಹೊತ್ತಿಗೆ ಅರ್ಧ ಸೆಕೆಂಡಿನಷ್ಟು ತಪ್ಪುತ್ತದೆ. ದರ ಎರಡೂ ಕಡೆ 48,000 ಇದೆ.


ಕಪ್ಪು_ಎರಡು

ಅದೂ ಎರಡು ಗಡಿಯಾರದ ಕಥೆಯೇ. ಹತ್ತು ಲಕ್ಷದಲ್ಲಿ 20ರ ವ್ಯತ್ಯಾಸ ಆರು ಗಂಟೆಗೆ 0.43 ಸೆಕೆಂಡ್. ಶುರುವಿನಲ್ಲಿ ಒಂದು ಚಪ್ಪಾಳೆ, ಮುಗಿದ ಮೇಲೆ ಒಂದು ಚಪ್ಪಾಳೆ, ಎರಡೂ ಕ್ಯಾಮೆರಾದಲ್ಲಿ ಕಾಣುವ ಹಾಗೆ. ಕ್ಯಾಮೆರಾದ ಫೈಲಿನಲ್ಲಿ ಎರಡು ಚಪ್ಪಾಳೆಯ ನಡುವಿನ ಅವಧಿ 21,600.00 ಸೆಕೆಂಡ್, ರೀಪರಿನಲ್ಲಿ 21,600.43 ಇದ್ದರೆ ಧ್ವನಿಯ ಐಟಂನ ಪ್ಲೇ ರೇಟ್ 1.00002 ಮಾಡಿ. ಶ್ರುತಿ ಉಳಿಸುವ ಆಯ್ಕೆಯ ಗುರುತು ತೆಗೆದೇ ಮಾಡಿ. ಇಷ್ಟು ಸಣ್ಣ ಬದಲಾವಣೆ ಶ್ರುತಿಯಲ್ಲಿ ಯಾರ ಕಿವಿಗೂ ಸಿಗದು, ಶ್ರುತಿ ಉಳಿಸುವ ಲೆಕ್ಕಾಚಾರಕ್ಕೆ ಬಿಟ್ಟರೆ ಚೆಂಡೆಯ ಪೆಟ್ಟಿನ ಮೊನೆ ಮೊಂಡಾಗುತ್ತದೆ. ನಾಲ್ಕೂ ಟ್ರ್ಯಾಕನ್ನು ಒಟ್ಟಿಗೆ ಗ್ರೂಪ್ ಮಾಡಿ ಒಂದೇ ಅಂಕಿ ಕೊಡಿ, ಒಂದು ಬಿಟ್ಟುಹೋದರೆ ಮದ್ದಳೆ ಭಾಗವತರಿಂದ ಹಿಂದೆ ಬೀಳುತ್ತದೆ.